ಅಕ್ಕನ ಬೆರಳು, ತಂಗಿಯ ಸೂಜಿ

ನಮ್ಮ ಮನೆಯಲ್ಲಿ ಯಜಮಾನ ಎಂದರೆ ನಾನಲ್ಲ, ನಾಯಿ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದ ಅವಾಂತರಕ್ಕೆಲ್ಲ ಈ ಹೆಸರೇ ಮೂಲ. ಊರು ಬಿಟ್ಟು ಹೋಗುವ ಯಾರೋ ಪುಣ್ಯಾತ್ಮರು ನನ್ನ ಹೆಂಡತಿಯ ಆಸ್ಪತ್ರೆಯ ಬಾಗಿಲಿಗೆ ಕಟ್ಟಿಹೋದ ಕಂದು ನಾಯಿ ಅದು. ಹಗ್ಗ ಬಿಚ್ಚಿದ ಕೂಡಲೇ ಒಳಗೆ ನಡೆದು ನನ್ನ ಕುರ್ಚಿಯ ಮೇಲೆ ಹತ್ತಿ ಕುಳಿತಿತು. "ಇಳಿಯೋ" ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಆಕಳಿಸಿತು. ಹೆಂಡತಿ ಬಿದ್ದು ಬಿದ್ದು ನಕ್ಕು, "ಕೂತ್ಕೊಳ್ಲಿ ಬಿಡ್ರಿ, ಒಳ್ಳೆ ಯಜಮಾನನ ಥರ ಕೂತಿದೆ" ಎಂದಳು. ಅಲ್ಲಿಗೆ ಅದಕ್ಕೆ ಹೆಸರಾಯಿತು, ನನಗೆ ಕುರ್ಚಿ ಹೋಯಿತು.

ಅಂದಿನಿಂದ ನನ್ನ ಪಾಡು ಕೇಳಬೇಡಿ. ಹೆಂಡತಿ ಫೋನಿನಲ್ಲಿ ಯಾರಿಗೋ "ಯಜಮಾನನಿಗೆ ಇವತ್ತು ಹೊಟ್ಟೆ ಸರಿ ಇಲ್ಲ, ಹೊರಗೆ ಬಿಟ್ಟಿದೀನಿ" ಎಂದರೆ ಮರುದಿನ ಪಕ್ಕದ ಮನೆಯಾಕೆ ಕನಿಕರದಿಂದ "ಈಗ ಹೇಗಿದೀರಿ?" ಎಂದು ನನ್ನನ್ನು ಕೇಳುತ್ತಾಳೆ. ನನಗೆ ಜ್ವರ ಬಂದರೆ "ಮಾತ್ರೆ ಡ್ರಾಯರಲ್ಲಿದೆ ನೋಡಿ" ಎನ್ನುವವಳು, ಆ ನಾಯಿ ಒಂದು ಸಲ ಸೀನಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾಳೆ. ನನಗೆ ಅದರ ಮೇಲೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ? ಆದರೆ ನನ್ನದು ಬೀಡಿಯ ಕಿಡಿ. ಹೊಟ್ಟೆಕಿಚ್ಚು ಎಂದರೆ ಏನೆಂದು ನೋಡಬೇಕಿದ್ದರೆ ನನ್ನ ಹೆಂಡತಿಯನ್ನು ನೋಡಬೇಕು.

ಅವಳು ನಾಯಿ ಬೆಕ್ಕುಗಳ ಡಾಕ್ಟರು. ನಾನು ಕನ್ನಡಕದ ಅಂಗಡಿಯವನು. ನನ್ನ ಅಂಗಡಿ, ಅವಳ ಆಸ್ಪತ್ರೆ ಒಂದೇ ಸೂರಿನಡಿ, ನಡುವೆ ಒಂದು ಬಾಗಿಲು. ಆ ಕಡೆ ಬೊಗಳುತ್ತಿದ್ದರೆ ಈ ಕಡೆ ನಾನು ಗಿರಾಕಿಗಳಿಗೆ ಸಣ್ಣ ಅಕ್ಷರ ಓದಿಸುತ್ತಿರುತ್ತೇನೆ. ಬೀದಿಗೂ ಬಾಗಿಲಿಗೂ ನಡುವೆ ಒಂದು ಮೆಟ್ಟಿಲೂ ಇರಕೂಡದು ಎಂದು ಕಟ್ಟುವಾಗಲೇ ಮೇಸ್ತ್ರಿಯ ಹತ್ತಿರ ಜಗಳವಾಡಿ ನೆಲ ಸಮ ಮಾಡಿಸಿದವಳು ಅವಳೇ. ವಯಸ್ಸಾದ ನಾಯಿಗಳಿಗೆ ಮಂಡಿ ನೋವಂತೆ. ನನ್ನ ಮಂಡಿಯನ್ನು ಯಾರೂ ಕೇಳಿರಲಿಲ್ಲ.

ಅವಳ ಕೈಗುಣದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಮೇಜಿನ ಮೇಲೆ ಬುಸುಗುಡುತ್ತ ನಿಂತ ಬೆಕ್ಕಿನ ಹೊಟ್ಟೆಯ ಮೇಲೆ ಹೀಗೆ ಬೆರಳಾಡಿಸಿ, ಎಲ್ಲೋ ನೋಡುತ್ತ, "ಮೂತ್ರಕೋಶದಲ್ಲಿ ಕಲ್ಲಿದೆ" ಎನ್ನುತ್ತಾಳೆ. ಆಮೇಲೆ ಎಕ್ಸ್‌ರೇ ತೆಗೆಸಿದರೆ ಕಲ್ಲು ಅಲ್ಲೇ ಕೂತಿರುತ್ತದೆ. "ನನ್ನ ಬೆರಳಿಗೆ ಕಣ್ಣಿದೆ" ಎಂಬುದು ಅವಳು ಹೆಮ್ಮೆಯಿಂದ ಹೇಳುವ ಮಾತು. ಊರ ಕಣ್ಣಿಗೆಲ್ಲ ಕನ್ನಡಕ ಹಾಕಿದವನು ನಾನು. ಅವಳ ಬೆರಳಿನ ಕಣ್ಣಿಗೆ ಹೊಂದುವ ಕನ್ನಡಕ ಮಾತ್ರ ನನ್ನ ಅಂಗಡಿಯಲ್ಲಿ ಇರಲಿಲ್ಲ. ಒಮ್ಮೆ ಗಾಜು ಕೊಯ್ಯುವಾಗ ನನ್ನ ಹೆಬ್ಬೆರಳು ಸೀಳಿಕೊಂಡಾಗ, "ಇಷ್ಟಕ್ಕೆ ಆಸ್ಪತ್ರೆಗೆ ಹೋಗ್ತಾರಾ?" ಎಂದು ನನ್ನನ್ನು ನಾಯಿಯ ಮೇಜಿನ ಮುಂದೆ ಕೂರಿಸಿ, ನಾಯಿಗೆ ಹಾಕುವ ದಾರದಲ್ಲೇ ಹೊಲಿದುಬಿಟ್ಟಳು. ನೆಂಟರಿಷ್ಟರಲ್ಲಿ ಈಗಲೂ ಅದೊಂದು ದೊಡ್ಡ ತಮಾಷೆ. ಕಲೆ ಇನ್ನೂ ಇದೆ.

ಇನ್ನು ಅವಳ ತಂಗಿ. ಹೊಟ್ಟೆಕಿಚ್ಚಿನ ಒಲೆ ಇರುವುದು ಇಲ್ಲೇ.

ತೀರಿಹೋದ ನಮ್ಮ ಅತ್ತೆಗೆ ಇಬ್ಬರೇ ಹೆಣ್ಣುಮಕ್ಕಳು. ಯಾರಾದರೂ ವಿಚಾರಿಸಿದರೆ ಅತ್ತೆಯದು ಒಂದೇ ಉತ್ತರ: "ದೊಡ್ಡವಳು ಹುಷಾರು. ಚಿಕ್ಕವಳಿಗೆ ಹುಷಾರಿಲ್ಲ." ಒಂದು ಪದ, ಎರಡು ಹಣೆಬರಹ. ಚಿಕ್ಕವಳು ಪುಟ್ಟಿ. ಈಗ ತಲೆ ಅರ್ಧ ಬೆಳ್ಳಗಾದರೂ ಪುಟ್ಟಿಯೇ. ಸದಾ ಕೆಮ್ಮು, ಸದಾ ಶಾಲೆಗೆ ರಜೆ. ಅಕ್ಕನಿಗೆ ಗಿಡ್ಡವಾದ ಫ್ರಾಕು ಅವಳಿಗೆ, ಅಕ್ಕ ಕೆಂಪು ಶಾಯಿಯಲ್ಲಿ ಗೆರೆ ಎಳೆದ ಪುಸ್ತಕ ಅವಳಿಗೆ. ಅಕ್ಕ ಪಶುವೈದ್ಯಕೀಯ ಓದಿದಳೆಂದು ಅವಳೂ ಅದನ್ನೇ ಓದಿದಳು. ಸೂಜಿಯ ಹಿಂದೆ ದಾರ ಬಂದಂತೆ ಬಂದಳು. ಏಳುತ್ತಾ ಬೀಳುತ್ತಾ ಪಾಸಾದಳು. ಅಕ್ಕನಿಗೆ ಆಗ ತಂಗಿ ಎಂದರೆ ಪ್ರಾಣ. ನಮಗಿಂತ ಒಂದು ಹೆಜ್ಜೆ ಹಿಂದಿರುವವರ ಮೇಲೆ ಪ್ರೀತಿ ಸಲೀಸಾಗಿ ಹರಿಯುತ್ತದೆ.

ಆಮೇಲೆ ಪುಟ್ಟಿ ನಿಲ್ಲಲಿಲ್ಲ. ಅಕ್ಕ ಆಸ್ಪತ್ರೆ ತೆರೆದು, ನನ್ನನ್ನು ಮದುವೆಯಾಗಿ, ಊರಿಗೆ ಬೇಕಾದವಳಾಗುವಷ್ಟರಲ್ಲಿ ಅವಳು ಓದುತ್ತಲೇ ಹೋದಳು. ನಾಯಿ ಬೆಕ್ಕುಗಳ ಕ್ಯಾನ್ಸರ್ ಒಂದನ್ನೇ ಹಿಡಿದುಕೊಂಡು ಓದಿದಳು. ಕೊನೆಗೆ ಹತ್ತಿರದ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಬಂದು ಕೂತಳು. ಈಗ ಅವಳು ಬಾಯಿ ತೆರೆದರೆ ಬೇರೆ ಡಾಕ್ಟರುಗಳು ಪೆನ್ನು ತೆರೆಯುತ್ತಾರೆ.

ನನ್ನ ಹೆಂಡತಿಗೆ ಅದೂ ಸಹ್ಯವಾಗುತ್ತಿತ್ತೇನೋ. ಆದರೆ ಬಿಳಿ ಬೆಕ್ಕಿನ ಪ್ರಸಂಗ ನಡೆದುಹೋಯಿತು. ಸಂಗೀತದ ಟೀಚರೊಬ್ಬರ ಬಿಳಿ ಬೆಕ್ಕಿಗೆ ಕಿವಿಯ ತುದಿಯಲ್ಲಿ ಮಾಯದ ಗಾಯ. ಇವಳು ಜಗಳದ ಗಾಯವೆಂದು ಮುಲಾಮು ಹಚ್ಚಿ ಹಚ್ಚಿ ಕಳಿಸುತ್ತಿದ್ದಳು. ಟೀಚರು ಇವಳಿಗೆ ಹೇಳದೆ ಪುಟ್ಟಿಯ ಹತ್ತಿರ ಹೋದರು. ಬಿಸಿಲಿಗೆ ಬಿಳಿ ಬೆಕ್ಕಿನ ಕಿವಿಯಲ್ಲಿ ಬರುವ ಕ್ಯಾನ್ಸರ್ ಇದು ಎಂದು ಪುಟ್ಟಿ ಕಿವಿಯ ತುದಿ ಕತ್ತರಿಸಿದಳು. ಬೆಕ್ಕು ಗುಂಡುಕಲ್ಲಿನಂತಾಯಿತು. ಟೀಚರು ಬಂದು ಆನಂದಬಾಷ್ಪ ಸುರಿಸುತ್ತ ಇವಳಿಗೇ ವರದಿ ಒಪ್ಪಿಸಿದರು. ಗಾಯದ ಮೇಲೆ ಉಪ್ಪು ಅಂದರೆ ಇದೇ.

"ಕಿವಿ ಕತ್ತರಿಸೋಕೆ ಅಷ್ಟೆಲ್ಲ ಓದಬೇಕಾ?" ಎಂದು ಅವತ್ತು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಅಲ್ಲಿಂದ ಅಕ್ಕತಂಗಿಯರ ಹೋಗಿ ಬರುವುದು ನಿಂತಿತು. ಫೋನಿನಲ್ಲಿ ಅಪರೂಪಕ್ಕೆ ಬಿಸಿಲು ಮಳೆಯ ಮಾತಾಡುತ್ತಿದ್ದರು. ನಾಯಿ ಸಾಕಿದ ಸುದ್ದಿಯನ್ನೂ ಇವಳು ತಂಗಿಗೆ ಹೇಳಲಿಲ್ಲ. "ಯಾಕೆ ಹೇಳಲಿ? ಅದಕ್ಕೂ ಏನಾದ್ರೂ ಕಂಡುಹಿಡೀತಾಳೆ."

ಕಂಡುಹಿಡಿಯುವಂಥದ್ದು ಇತ್ತು. ಯಜಮಾನನ ಪಕ್ಕೆಲುಬಿನ ಹಿಂದೆ ಒಂದು ಗಂಟು ಎದ್ದಿತ್ತು. ಮೆತ್ತಗೆ, ಬೆರಳಿನಡಿ ಅತ್ತಿತ್ತ ಜಾರುವಂಥದ್ದು. ಇವಳು ಮುಟ್ಟಿ ನೋಡಿ "ಕೊಬ್ಬಿನ ಗಂಟು" ಎಂದಳು. ಮುಗಿಯಿತು, ತೀರ್ಪು. ಒಂದು ದಿನ ಅದು ಊದಿದಂತೆ ಕಂಡು, "ಸೂಜಿ ಹಾಕಿ ನೋಡಲ್ವೇನೇ?" ಎಂದು ನಾನು ಕೇಳಿದ್ದಕ್ಕೆ, "ಕನ್ನಡಕ ಮಾರೋರು ಕನ್ನಡಕ ಮಾರಿ" ಎಂದಳು. ಸಂಜೆ ಸೋಫಾದ ಮೇಲೆ ಕುಳಿತು, ಅದರ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಮಾತಾಡುತ್ತಾ ಆ ಗಂಟನ್ನು ಒತ್ತುತ್ತಾ ಇರುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಊದಿದ್ದು ಇಳಿದಾಗ, "ನೋಡಿ, ನನ್ನ ಕೈ ತಾಗಿ ಇಳಿದಿದೆ" ಎನ್ನುತ್ತಿದ್ದಳು. ನಾನು ಎದುರಿನ ಮೋಟು ಸ್ಟೂಲಿನ ಮೇಲೆ ಕುಳಿತು ಆ ಕೈಯನ್ನೇ ನೋಡುತ್ತಿದ್ದೆ.

ಡಾಕ್ಟರುಗಳು ಓದು ಮುಗಿಸಿದ ಮೇಲೂ ಆಗಾಗ ತರಬೇತಿಗೆ ಹೋಗಿ ಸರ್ಟಿಫಿಕೇಟು ತರಬೇಕು. ಇಲ್ಲವಾದರೆ ನೋಂದಣಿ ನವೀಕರಿಸುವುದಿಲ್ಲ. ಇವಳು "ನನಗೇನು ಹೊಸದಾಗಿ ಕಲಿಸ್ತಾರೆ?" ಎಂದು ತಪ್ಪಿಸಿಕೊಳ್ಳುತ್ತ ಬಂದು, ಕೊನೆಗೆ ಗಡುವಿಗೆ ಮುಂಚೆ ಉಳಿದಿದ್ದು ಒಂದೇ ತರಬೇತಿ. ವಿಷಯ: ನಾಯಿ ಮತ್ತು ಬೆಕ್ಕುಗಳಲ್ಲಿ ಕ್ಯಾನ್ಸರ್. ಪಾಠ ಮಾಡುವವರು: ಪುಟ್ಟಿ.

ಇವಳ ಮುಖ ಹರಳೆಣ್ಣೆ ಕುಡಿದಂತಾಯಿತು. "ನನ್ನ ಹಳೇ ಪುಸ್ತಕ ಓದಿ ಪಾಸಾದೋಳ ಮುಂದೆ ನಾನು ಬೆಂಚಿನ ಮೇಲೆ ಕೂರಬೇಕಾ? ಸರ್ಟಿಫಿಕೇಟಿಗೆ ಅವಳ ರುಜು ಬೇಕಾ ನನಗೆ?"

"ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿಲ್ಲ ಕಣೇ" ಎಂದೆ.

"ಅದು ಹಿತ್ತಲ ಗಿಡ ಅಲ್ಲ, ನನ್ನ ಕುಂಡದಲ್ಲೇ ಬೆಳೆದದ್ದು" ಎಂದಳು.

ಕಾರು ಓಡಿಸಲು ನಾನು ಜೊತೆಗೆ ಹೋದೆ. ಒಂದು ಕಾಲೇಜಿನ ಸಭಾಂಗಣ. ಎಸಿ ಎಷ್ಟು ತಣ್ಣಗಿತ್ತೆಂದರೆ ಡಾಕ್ಟರುಗಳೆಲ್ಲ ಕೊಟ್ಟ ಚೀಲವನ್ನೇ ಎದೆಗವಚಿಕೊಂಡು ಕೂತಿದ್ದರು. ನನ್ನ ಕೊರಳಿಗೂ 'ಜೊತೆಗಾರರು' ಎಂಬ ಬ್ಯಾಡ್ಜು ತಗುಲಿಸಿ ಕೊನೆಯ ಸಾಲಿನಲ್ಲಿ ಕೂರಿಸಿದರು. ಇವಳು ಮಧ್ಯದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಕಂಬದ ಹಿಂದೆ.

ಪುಟ್ಟಿ ವೇದಿಕೆಗೆ ಬಂದಳು. ಅದೇ ಸಣಕಲು ದೇಹ, ಅದೇ ಕೆಮ್ಮು. ಆದರೆ ಏನು ಪಾಠ! ಕನ್ನಡಕ ಮಾರುವ ನನಗೂ ಅರ್ಥವಾಯಿತು. ಲಸಿಕೆ ಹಾಕಿದ ಜಾಗದಲ್ಲಿ ಬೆಕ್ಕಿಗೆ ಗಂಟು ಬಂದು ಕರಗದಿದ್ದರೆ ಏನು ಮಾಡಬೇಕು, ಕತ್ತರಿಸುವ ಮುಂಚೆ ಅದು ಏನೆಂದು ತಿಳಿದಿರಬೇಕು ಯಾಕೆ, ಎಲ್ಲವನ್ನೂ ನಗುನಗುತ್ತ ಹೇಳಿದಳು. ನಾನು ಇವಳ ಕಡೆ ನೋಡಿದೆ. ಪೆನ್ನಿನ ಮುಚ್ಚಳವನ್ನೂ ತೆಗೆದಿರಲಿಲ್ಲ.

ಆಮೇಲೆ ಪುಟ್ಟಿ ಒಂದು ಆಟ ಶುರು ಮಾಡಿದಳು. ಪರದೆಯ ಮೇಲೆ ಒಂದು ನಾಯಿಯ ಚಿತ್ರ. ಕಂದು ಬಣ್ಣ. ಪಕ್ಕೆಲುಬಿನ ಹಿಂದೆ ಒಂದು ಗಂಟು.

"ಮೆತ್ತಗಿದೆ, ಬೆರಳಿಗೆ ಜಾರುತ್ತೆ, ನೋವಿಲ್ಲ. ಕೊಬ್ಬಿನ ಗಂಟು ಅನ್ನೋರು ಕೈ ಎತ್ತಿ."

ಎಲ್ಲರಿಗಿಂತ ಮೊದಲು ಎದ್ದದ್ದು, ಎಲ್ಲರಿಗಿಂತ ಎತ್ತರಕ್ಕೆ ಎದ್ದದ್ದು ನನ್ನ ಹೆಂಡತಿಯ ಕೈ. ಹಿಂದೆಯೇ ಸಭಾಂಗಣದ ತುಂಬ ಕೈಗಳು. ಪುಟ್ಟಿ ಗುಂಡಿ ಒತ್ತಿದಳು. ಚಿತ್ರ ಬದಲಾಯಿತು. ಸೂಜಿಯಲ್ಲಿ ಎಳೆದು ಗಾಜಿನ ಮೇಲೆ ಹರಡಿದ ಜೀವಕೋಶಗಳು, ಒಂದೊಂದರ ಹೊಟ್ಟೆಯ ತುಂಬ ನೇರಳೆ ಬಣ್ಣದ ಕಾಳುಗಳು.

"ಕ್ಯಾನ್ಸರ್" ಎಂದಳು. "ಕೈ ಎತ್ತಿದೋರು ಬೇಜಾರು ಮಾಡ್ಕೋಬೇಡಿ. ಇದು ವೇಷ ಹಾಕೋದ್ರಲ್ಲಿ ಪ್ರಚಂಡ. ಕೈಗೆ ಕೊಬ್ಬಿನ ಥರಾನೇ ಸಿಗುತ್ತೆ. ಒಂದಿನ ಊದುತ್ತೆ, ಒಂದಿನ ಇಳಿಯುತ್ತೆ. ಇಳೀತಲ್ಲ ಅಂತ ಸಮಾಧಾನ ಮಾಡ್ಕೋತೀವಿ. ಒತ್ತಿದಷ್ಟೂ ರೇಗುತ್ತೆ. ದಯವಿಟ್ಟು ಒತ್ತಬೇಡಿ, ಸೂಜಿ ಹಾಕಿ."

ಬೇರೆಯವರ ಕೈಗಳೆಲ್ಲ ನಗುತ್ತಾ ಇಳಿದವು. ಇವಳ ಕೈ ಮಾತ್ರ ಮೇಲೆಯೇ ಉಳಿದಿತ್ತು, ಅದನ್ನು ಎತ್ತಿರುವುದೇ ಅವಳಿಗೆ ಮರೆತುಹೋದಂತೆ. ಆಮೇಲೆ ಮೆಲ್ಲಗೆ ಇಳಿಸಿ ಚೀಲದ ಕೆಳಗೆ ಬಚ್ಚಿಟ್ಟುಕೊಂಡಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಪುಟ್ಟಿ ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ನನಗೆ ಗೊತ್ತಿರೋ ಒಬ್ಬರು ಡಾಕ್ಟರ್ ಇದ್ದಾರೆ" ಎಂದು ಮುಂದುವರಿಸಿದಳು. "ನನ್ನ ಬೆರಳಿಗೆ ಕಣ್ಣಿದೆ ಅಂತಾರೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳು ದಡಕ್ಕನೆ ಎದ್ದಳು. ಕುರ್ಚಿ ಕಿರ್ರೆಂದಿತು. ಯಾರ ಕಾಲನ್ನೂ ಲೆಕ್ಕಿಸದೆ ತುಳಿದುಕೊಂಡು ಹೊರಗೆ ಹೋದಳು.

ಹೀಗಾಗಿ ನಮ್ಮಿಬ್ಬರಲ್ಲಿ ಆ ಮಾತಿನ ಉಳಿದರ್ಧ ಕೇಳಿದವನು ನಾನೊಬ್ಬನೇ. ಪುಟ್ಟಿ ಬಾಗಿಲನ್ನೇ ನೋಡುತ್ತ, ಸ್ವಲ್ಪ ತಡವರಿಸಿ ಹೇಳಿದಳು: "ನಿಜವಾಗ್ಲೂ ಇದೆ. ಅಂಥ ಬೆರಳು ನನಗಿಲ್ಲ. ಆದ್ರೆ ಒಳ್ಳೆ ಕಣ್ಣಿದ್ದೋರೂ ವಯಸ್ಸಾದ್ಮೇಲೆ ಕನ್ನಡಕ ಹಾಕ್ಕೋತಾರಲ್ವಾ? ಸೂಜಿ ಅಂದ್ರೆ ಬೆರಳಿಗೆ ಹಾಕೋ ಕನ್ನಡಕ, ಅಷ್ಟೇ."

ನನ್ನ ಅಂಗಡಿಯಲ್ಲಿ ಇಲ್ಲದ ಕನ್ನಡಕ ಅದೇ ಆಗಿತ್ತು. ನಾನು ಎದ್ದು ಹೊರಗೆ ಹೋದಾಗ ಇವಳು ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡು ಕೂತಿದ್ದಳು.

"ನಿನ್ನ ಹೊಗಳಿದಳು ಕಣೇ, ಪೂರ್ತಿ ಕೇಳಿದ್ದರೆ..."

"ಅವಳ ಹೊಗಳಿಕೆ ಯಾರಿಗೆ ಬೇಕಿತ್ತು? ಊರ ಮುಂದೆ ನನ್ನ ಮಾತನ್ನ ಕಥೆ ಮಾಡಿ ಹೇಳ್ತಾಳೆ. ಗಾಡಿ ತೆಗೀರಿ."

ಮನೆಗೆ ಬಂದಾಗ ಯಜಮಾನ ಎಂದಿನಂತೆ ಓಡಿಬಂದು, ಸೋಫಾದ ಮೇಲೆ ಹಾರಿ, ಗಂಟಿನ ಪಕ್ಕೆಯನ್ನು ಮೇಲೆ ಮಾಡಿ ಮಲಗಿತು. ಇವಳು ಮುಟ್ಟಲಿಲ್ಲ. ಕೈಗಳೆರಡನ್ನೂ ಮಡಿಲಲ್ಲಿ ಹಿಡಿದುಕೊಂಡಿದ್ದಳು. ಅದು ಕಾದು ಕಾದು, ಮೂಗಿನಿಂದ ಅವಳ ಮೊಣಕೈ ಎತ್ತಿ ಎತ್ತಿ ನೋಡಿತು. ಕೇಳಿದರೂ ಬಾರದ ಕೈಗಾಗಿ ನಾನೂ ಎಷ್ಟೋ ಸಲ ಹಾಗೆ ಕಾದವನೇ. ಆದರೂ ಅವತ್ತು ನಾನೇ ಸ್ಟೂಲಿನಿಂದ ಎದ್ದು ಹೋಗಿ ಆ ನಾಯಿಯ ತಲೆ ಸವರಿದೆ.

"ಸೂಜಿ ಹಾಕು" ಎಂದೆ.

"ಅವಳು ಹೇಳಿದಳು ಅಂತಲಾ?"

"ಅವಳ ಮನೆ ಹಾಳಾಗಲಿ. ಇವನಿಗೋಸ್ಕರ ಹಾಕು. ಅವಳು ಸೋಲಲಿ ಅಂತ ನಾಯಿ ಸಾಯಬೇಕೇನೇ?"

ಇಷ್ಟು ವರ್ಷದಲ್ಲಿ ನಾನು ಅವಳ ಮೇಲೆ ದನಿಯೆತ್ತಿದ್ದು ಕಡಿಮೆ. ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ಅವಳು ಅತ್ತುಬಿಟ್ಟಳು. "ಒತ್ತಿದೆನಲ್ಲಾ ರೀ. ದಿನಾ ಕೂತ್ಕೊಂಡು ನಾನೇ ಒತ್ತಿದೆನಲ್ಲಾ."

ಬೆಳಿಗ್ಗೆ ಆಸ್ಪತ್ರೆ ತೆರೆಯುವ ಮುಂಚೆ ನಾನು ಯಜಮಾನನನ್ನು ಮೇಜಿನ ಮೇಲೆ ತಬ್ಬಿ ಹಿಡಿದುಕೊಂಡೆ. ಸಣ್ಣ ಸೂಜಿ, ಒಂದು ಚುಚ್ಚು. ಅದು ಕುಂಯ್ ಅನ್ನಲೂ ಇಲ್ಲ, ನನ್ನ ಕಿವಿ ನೆಕ್ಕಿತು. ಸೂಜಿಯಲ್ಲಿ ಬಂದದ್ದನ್ನು ಇವಳು ಗಾಜಿನ ಮೇಲೆ ಊದಿ ಹರಡಿ, ಒಣಗಿಸಿ, ಬಣ್ಣದಲ್ಲಿ ಅದ್ದಿ, ತೊಳೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಏನೇ?"

"ಬಣ್ಣ ಸರಿಯಾಗಿ ಹಿಡಿದಿಲ್ಲ."

ನಾನು ಬಗ್ಗಿ ನೋಡಿದೆ. ಸಾಸಿವೆ ಡಬ್ಬಿ ಬಿದ್ದು ಚೆಲ್ಲಾಡಿದ ಹಾಗೆ ನೇರಳೆ ಕಾಳುಗಳು. ನಿನ್ನೆ ಪರದೆಯ ಮೇಲೆ ನೋಡಿದ್ದೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳ ಹತ್ತಿರ ನಾಲ್ಕನೆಯ ಕಾಲು ತೋರಿಸಿ ಏನು ಪ್ರಯೋಜನ? "ಹಾಗಾದ್ರೆ ಬಣ್ಣ ಗೊತ್ತಿರೋರಿಗೆ ತೋರಿಸು" ಎಂದೆ.

ಅವತ್ತು ತರಬೇತಿಯ ಎರಡನೆಯ, ಕೊನೆಯ ದಿನ; ಅವರವರು ತಂದ ಸ್ಲೈಡುಗಳನ್ನು ಪುಟ್ಟಿ ಎಲ್ಲರ ಮುಂದೆ ಪರದೆಯ ಮೇಲೆ ಓದುವ ಕಾರ್ಯಕ್ರಮವಿತ್ತು. ಇವಳು ಸಭಾಂಗಣದ ಬಾಗಿಲವರೆಗೂ ಬಂದು, ಕರವಸ್ತ್ರದಲ್ಲಿ ಸುತ್ತಿದ ಸ್ಲೈಡನ್ನು ನನ್ನ ಕೈಯಲ್ಲಿ ತುರುಕಿದಳು. "ನೀವೇ ಕೊಡಿ. ನನ್ನದು ಅಂತ ಹೇಳಕೂಡದು. ನನ್ನ ಹೆಸರೂ ಬರೀಬೇಡಿ." ಮೇಜಿನ ಹತ್ತಿರದ ಹೆಂಗಸು ಹೆಸರಿಲ್ಲದ ಸ್ಲೈಡು ತೆಗೆದುಕೊಳ್ಳುವುದಿಲ್ಲ, ಬೆರಕೆಯಾಗುತ್ತದೆ ಎಂದಳು. ಸರಿ, ರೋಗಿಯ ಹೆಸರು ಬರೆದರಾಯಿತು ಎಂದು ಗಾಜಿನ ತುದಿಯಲ್ಲಿ ಪೆನ್ಸಿಲಿನಿಂದ 'ಯಜಮಾನ' ಎಂದು ಬರೆದೆ. ತಲೆಯೆತ್ತಿದರೆ ವೇದಿಕೆಯ ಪಕ್ಕದಿಂದ ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ನಾನು ನಗಲು ನೋಡಿದೆ. ನಿದ್ದೆಗೆಟ್ಟ ಮುಖ, ನಗು ಬರಲಿಲ್ಲ.

ಒಂದೊಂದೇ ಸ್ಲೈಡು ಓದುತ್ತ ಬಂದಳು. ಇದು ಬರೀ ಕೀವು, ಇದು ನಿಜವಾದ ಕೊಬ್ಬು, ಇದನ್ನು ಬೇಗ ತೆಗೆಸಿ. ಆಮೇಲೆ ನಮ್ಮದು ಬಂತು. ತುದಿಯ ಹೆಸರನ್ನು ತುಟಿಯಲ್ಲೇ ಓದಿಕೊಂಡಳು. ಪರದೆಯ ತುಂಬ ನೇರಳೆ ಕಾಳು. "ಇದು..." ಎಂದು ನಿಲ್ಲಿಸಿದಳು. ಹೆಸರನ್ನು ಮತ್ತೊಮ್ಮೆ ನೋಡಿದಳು. ಕೊನೆಯ ಸಾಲಿನಲ್ಲಿದ್ದ ನನ್ನನ್ನು ನೋಡಿದಳು. ಕಂಬದ ಹಿಂದೆ ಸೂರು ನೋಡುತ್ತಿದ್ದ ಅಕ್ಕನನ್ನು ನೋಡಿದಳು. ಇನ್ನೂ ಹೊತ್ತಾಗಿರದಿದ್ದರೂ "ಎಲ್ಲರೂ ಟೀ ಕುಡಿದು ಬನ್ನಿ" ಎಂದುಬಿಟ್ಟು, ಮೈಕು ಹಾಗೇ ಇಟ್ಟು, ನೇರವಾಗಿ ನನ್ನ ಹತ್ತಿರ ಬಂದಳು.

"ಭಾವ, ಎಲ್ಲಿದೆ ಗಂಟು?"

"ಪಕ್ಕೆ ಹತ್ರ" ಎಂದೆ.

ಅಷ್ಟು ಜನರ ನಡುವೆ ಅಂಗಿಯ ಮೇಲಿಂದಲೇ ನನ್ನ ಪಕ್ಕೆಗೆ ಕೈ ಹಾಕಿದಳು. ಕಚಗುಳಿಯಾಯಿತು.

"ಯಾವಾಗಿಂದ?"

"ಹೋದ ವರ್ಷದಿಂದ ಇದೆ."

"ಹೋದ ವರ್ಷದಿಂದ! ಅಕ್ಕ ಏನಂದಳು?"

"ಕೊಬ್ಬು ಅಂದಳು."

ಅವಳು ನನ್ನ ಕೈ ಹಿಡಿದು, ಹೆಬ್ಬೆರಳಿನ ಹಳೆಯ ಹೊಲಿಗೆಯ ಕಲೆ ನೋಡಿ ಗಳಗಳನೆ ಅಳತೊಡಗಿದಳು. "ನಾಯಿ ದಾರದಲ್ಲಿ ಹೊಲಿದೋಳು, ಈಗ ಸೂಜಿನೂ ತಾನೇ ಚುಚ್ಚಿದ್ಲಾ? ಮನುಷ್ಯರಲ್ಲಿ ಇದು ಎಷ್ಟು ಅಪರೂಪ ಗೊತ್ತಾ ಭಾವ? ನನಗೊಂದು ಮಾತು ಹೇಳೋಕಾಗದಷ್ಟು ದ್ವೇಷಾನಾ? ಇಲ್ಲಿ ಕದ್ದು ಸ್ಲೈಡು ಕೊಟ್ಟು ಕಳಿಸೋದಾ? ಮನುಷ್ಯರ ಡಾಕ್ಟ್ರಿಗೆ ತೋರಿಸೋದಲ್ವಾ?"

ಆಗ ನನಗೆ ಬೆಳಕಾಯಿತು. ಬೆಳಕಾದರೂ ಒಂದು ಗಳಿಗೆ ಸುಮ್ಮನೇ ಇದ್ದೆ. ನನ್ನ ಪಕ್ಕೆಗಾಗಿ ಒಬ್ಬರು ಅತ್ತದ್ದು ಅದೇ ಮೊದಲು. ಆ ನಾಯಿ ದಿನಾ ಅನುಭವಿಸುವ ಸುಖ ನನಗೂ ಸ್ವಲ್ಪ ಸಿಗಲಿ ಎನಿಸಿತು. ಆಮೇಲೆ ಅವಳ ಕಣ್ಣೀರು ನನ್ನ ಕೈಮೇಲೆ ಬಿದ್ದಾಗ ನಾಚಿಕೆಯಾಯಿತು.

"ಪುಟ್ಟಿ, ಅಳಬೇಡಮ್ಮ. ನಮ್ಮ ಮನೇಲಿ ಯಜಮಾನ ನಾನಲ್ಲ. ನಾಯಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ ಕೊರಳಿನ ಬ್ಯಾಡ್ಜು ಕಿತ್ತು ಅದರಿಂದಲೇ ನನಗೆ ಹೊಡೆದಳು. ಅಳುತ್ತಾ ನಕ್ಕಳು, ನಗುತ್ತಾ ಕೆಮ್ಮಿದಳು. ಅಷ್ಟರಲ್ಲಿ ಇವಳು ಬಂದಳು. ತನ್ನ ಗಂಡನ ಕೈ ಹಿಡಿದು ತಂಗಿ ಅಳುವುದನ್ನು ದೂರದಿಂದಲೇ ನೋಡಿದ್ದಳಲ್ಲ, ಮೂಗಿನ ತುದಿ ಕೆಂಪಾಗಿತ್ತು.

"ಏನದು ನಾಟಕ?"

"ನಾಯಿ ಸಾಕಿದೀಯ ಅಂತ ಹೇಳಲೇ ಇಲ್ಲ ನೀನು" ಎಂದಳು ಪುಟ್ಟಿ.

"ಹೇಳಿದ್ರೆ ಏನಾಗ್ತಿತ್ತು? ಈಗ ಹೇಳು. ಗೆದ್ದೆ ತಾನೆ? ಸಮಾಧಾನ ಆಯ್ತಾ?"

ಪುಟ್ಟಿ ಕಣ್ಣೊರೆಸಿಕೊಂಡಳು. "ಏನು ಗೆದ್ದೆ ಅಕ್ಕ? ನಿನ್ನ ಹಳೇ ಫ್ರಾಕು ಹಾಕ್ಕೊಂಡೆ, ನಿನ್ನ ಹಳೇ ಪುಸ್ತಕ ಓದಿದೆ. ನಿನ್ನ ಬೆರಳು ಮಾತ್ರ ಹಳೇದಾಗಿ ನನಗೆ ಸಿಗಲಿಲ್ಲ. ಕಾಲೇಜಲ್ಲಿ ನನ್ನ ಕೈಗೆ ಏನೂ ಸಿಕ್ತಿರಲಿಲ್ಲ, ಕಲ್ಲಿದ್ರೂ ಗೊತ್ತಾಗ್ತಿರಲಿಲ್ಲ. ಅದಕ್ಕೇ ಸೂಜಿ ಹಿಡಿದೆ. ನಿನ್ನ ಕೈ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ?"

ಇವಳ ಮುಖ ನೋಡಬೇಕಿತ್ತು. ಹೊಟ್ಟೆಗೆ ಹಾಲು ಹುಯ್ದಂತಾಯಿತು.

"ನಿಜವಾಗ್ಲೂ ಹೊಟ್ಟೆ ಉರ್ಕೊಂಡಿದೀಯಾ?"

"ಹೂಂ."

"ಈಗ್ಲೂನಾ?"

"ಈಗ್ಲೂನೂ. ಮೊದಲು ನಾಯಿ ಕರ್ಕೊಂಡು ಬಾ. ತೆಗೀಬೇಕು ಅದನ್ನ, ಬೇಗ."

"ನಾನ್ಯಾಕೆ ಬರಲಿ? ನನ್ನ ಆಸ್ಪತ್ರೇಲಿ ಮೇಜಿಲ್ವಾ? ನೀನೇ ಬಾ."

ಬಂದಳು. ಆ ದಿನ ನನ್ನ ಅಂಗಡಿಯ ಬಾಗಿಲು ಎಳೆದುಕೊಂಡು, ನಡುವಿನ ಬಾಗಿಲಿಗೆ ಕಿವಿ ಕೊಟ್ಟು ಕುಳಿತೆ. ಅಕ್ಕನೇ ತನ್ನ ನಾಯಿಯನ್ನು ಕೊಯ್ಯಬಾರದೆಂದು ಕತ್ತರಿ ಹಿಡಿದವಳು ತಂಗಿ. ಒಳಗೆ ಅದೇ ಜಗಳ. "ಅಷ್ಟು ಅಗಲ ಯಾಕೆ ಕೊಯ್ತೀಯಾ, ಪಾಪ!" "ಸುತ್ತ ಚೆನ್ನಾಗಿರೋ ಚರ್ಮಾನೂ ತೆಗೀಬೇಕು ಅಕ್ಕ, ಬೇರು ಉಳಿದ್ರೆ ಕಷ್ಟ." "ಗೊತ್ತು, ಹೇಳ್ಕೊಡಬೇಡ." ಆಮೇಲೆ ಕತ್ತರಿ ತಟ್ಟೆಗೆ ಇಟ್ಟ ಸದ್ದು. ಇವಳ ದನಿ: "ತಡಿ. ಕಂಕುಳಲ್ಲಿ ಇನ್ನೊಂದು ಇದೆ."

"ನಾನು ನೋಡಿದೆ, ಅಲ್ಲೇನೂ ಇಲ್ಲ."

"ಇದೆ ಅಂದ್ನಲ್ಲ. ನಿನ್ನ ಕೈ ಕೊಡು ಇಲ್ಲಿ. ಒತ್ತಬೇಡ. ಸುಮ್ನೆ ಇಡು. ಸಿಕ್ತಾ?"

ಎಷ್ಟೋ ಹೊತ್ತಿನ ಮೇಲೆ ಪುಟ್ಟಿ ಹೇಳಿದಳು: "ಸಿಕ್ತು."

ಸೂಜಿ ಹಾಕಿ ನೋಡಿದರೆ ಆ ಚಿಕ್ಕ ಗ್ರಂಥಿಯಲ್ಲೂ ಅದೇ ನೇರಳೆ ಕಾಳುಗಳು. ಅದನ್ನೂ ತೆಗೆದರು. ಅದು ಒಳಗೇ ಉಳಿದಿದ್ದರೆ ಮೇಲಿನ ಗಂಟು ತೆಗೆದೂ ಪ್ರಯೋಜನವಿರಲಿಲ್ಲ ಎಂದು ಪುಟ್ಟಿಯೇ ಆಮೇಲೆ ನನಗೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಖುಷಿಯೂ ಇತ್ತು, ಸ್ವಲ್ಪ ಉರಿಯೂ ಇತ್ತು. ನನಗೆ ಗೊತ್ತಾಗುತ್ತದೆ. ನಾನು ಆ ಶಾಸ್ತ್ರದಲ್ಲಿ ಪಂಡಿತ.

ಯಜಮಾನನಿಗೆ ಎಚ್ಚರವಾಗಿ ಕಣ್ಣು ಬಿಟ್ಟಾಗ, ಎದುರಿಗೆ ಇಬ್ಬರೂ ನಿಂತಿದ್ದರೂ, ನೆಕ್ಕಿದ್ದು ಪುಟ್ಟಿಯ ಕೈಯನ್ನು. ಇವಳು ನನ್ನ ಕಡೆ ತಿರುಗಿ, "ನೋಡಿದ್ರಾ? ಫ್ರಾಕು ಹೋಯ್ತು, ಪುಸ್ತಕ ಹೋಯ್ತು, ಈಗ ಯಜಮಾನನನ್ನೂ ಕಿತ್ಕೊಂಡಳು" ಎಂದಳು. ನಾನು ಯಾವ ಯಜಮಾನ ಎಂದು ಕೇಳಲಿಲ್ಲ.

ಮಾತ್ರೆಗಳ ಕಾಲ ನಡೆಯಿತು. ಪುಟ್ಟಿ ಆಗಾಗ ಬಂದು ಪರೀಕ್ಷಿಸಿ ಹೋಗುತ್ತಿದ್ದಳು. ಅವಳ ಕಾರಿನ ಸದ್ದು ಕೇಳಿದರೆ ಆ ನಾಯಿ ನನ್ನ ಕುರ್ಚಿಯಿಂದ ಇಳಿದು ಬಾಗಿಲಿಗೆ ಓಡುತ್ತಿತ್ತು. ಇವಳು ತುಟಿ ಬಿಗಿದು ಟೀ ಮಾಡಲು ಹೋಗುತ್ತಿದ್ದಳು. ಟೀ ಮಾತ್ರ ಒಳ್ಳೆಯ ಕಪ್ಪಿನಲ್ಲೇ ಕೊಡುತ್ತಿದ್ದಳು. ತರಬೇತಿಯ ಸರ್ಟಿಫಿಕೇಟೂ ಬಂತು. ತಂಗಿಯ ರುಜು ಇರುವ ಮೂಲೆಗೆ ಔಷಧದ ಕ್ಯಾಲೆಂಡರಿನ ಅಂಚು ಬರುವ ಹಾಗೆ ನೋಡಿಕೊಂಡು ಗೋಡೆಗೆ ಹಾಕಿದ್ದಾಳೆ.

ಮಾತ್ರೆಗಳು ಮುಗಿದ ಮೇಲೆ ಒಂದು ಸಂಜೆ ಪುಟ್ಟಿ ಬಂದು ಹಳೆಯ ಗಾಯದ ಸುತ್ತ, ಕಂಕುಳು, ಕತ್ತು ಎಲ್ಲ ಮುಟ್ಟಿ ನೋಡಿದಳು. "ನನ್ನ ಕೈಗೆ ಏನೂ ಸಿಗಲಿಲ್ಲ. ನೀನೂ ನೋಡಿಬಿಡು" ಎಂದು ಅಕ್ಕನಿಗೆ ಜಾಗ ಬಿಟ್ಟಳು. ಇವಳು ಕಣ್ಣು ಮುಚ್ಚಿಕೊಂಡು, ಒತ್ತದೆ, ಇಡೀ ಮೈಯ ಮೇಲೆ ಬೆರಳಾಡಿಸಿದಳು. ಯಜಮಾನ ಅಲ್ಲೇ ನಿದ್ದೆ ಹೋಯಿತು.

"ಏನೂ ಇಲ್ಲ" ಎಂದಳು. ಅಲ್ಲಿಂದ ಪುಟ್ಟಿಯನ್ನು ಕಳಿಸಲು ಬಾಗಿಲವರೆಗೆ ಬಂದಳು. ನಾನು ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದೆ. ಪುಟ್ಟಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಇವಳು ಬೀದಿಯ ಕಡೆ ನೋಡುತ್ತ, ಬಾಯಿಂದ ಹಲ್ಲು ಕೀಳಿಸಿಕೊಂಡಂತೆ, ಅತ್ತೆ ಬದುಕಿದ್ದಷ್ಟು ದಿನ ತನಗೊಬ್ಬಳಿಗೇ ಮೀಸಲಾಗಿದ್ದ ಆ ಪದವನ್ನು ಹೊರಗೆ ಹಾಕಿದಳು.

"ಹುಷಾರು ಕಣೇ ನೀನು."

ಪುಟ್ಟಿ ಬಗ್ಗಿದ್ದವಳು ತಲೆಯೆತ್ತಿದಳು. "ಏನಂದೆ ಅಕ್ಕ?"

"ಮೆಟ್ಟಿಲು ಹುಷಾರು ಅಂದೆ."

ಪುಟ್ಟಿ ಕೆಳಗೆ ನೋಡಿದಳು. ನಮ್ಮ ಬಾಗಿಲಿಗೆ ಮೆಟ್ಟಿಲೇ ಇಲ್ಲ. ಅವಳು ಅಕ್ಕನ ಭುಜ ಹಿಡಿದುಕೊಂಡು, ಕಾಲೆತ್ತಿ, ಇಲ್ಲದ ಮೆಟ್ಟಿಲನ್ನು ಹುಷಾರಾಗಿ ಇಳಿದು ಹೋದಳು.